ಎಷ್ಟು ಎತ್ತರದಿಂದ

ಮಿಗ್ಯಂಗ್ ಎಸೆದ ಫೋನು ಚಪ್ಪಲಿ ಬಿಡುವ ಕಲ್ಲುನೆಲಕ್ಕೆ ಬಡಿದು, ಪುಟಿದು, ಅಂಗಾತ ಬಿತ್ತು. ಅದರ ಗಾಜು ಅವಳ ಗಂಡ ಸೊಕ್ಜುನ್ ಸುವೊನ್ ನಗರದ ಪ್ರಯೋಗಾಲಯದಲ್ಲಿ, ಬಿದ್ದರೂ ಒಡೆಯದಿರಲೆಂದು ಪಿಂಗಾಣಿಯ ಹರಳು ಬೆರೆಸಿ ಮಾಡಿದ್ದು. ಊಟದ ನಡುವೆಯೂ ಅವನು ಅದಕ್ಕೆ ಉಸಿರೂದಿ ಒರೆಸುತ್ತಿದ್ದ, ಬೆರಳ ತುದಿಯಿಂದ ಮೆಲ್ಲಗೆ ಸವರುತ್ತಿದ್ದ. ಆ ಬೆರಳು ತನ್ನನ್ನು ಮುಟ್ಟಿ ಎಷ್ಟು ಕಾಲವಾಯಿತೆಂದು ನೆನೆದಾಗಲೇ ಅವಳ ಹೊಟ್ಟೆಗೆ ಕಿಚ್ಚು ಬಿದ್ದಿತ್ತು.

"ಹೋಗಿ ನೋಡ್ರೀ, ನನ್ನ ಸವತಿ ಸತ್ಲೋ ಬದುಕಿದಾಳೋ," ಎಂದಳು.

ಅವನು ಓಡಿಹೋಗಿ ಅದನ್ನೆತ್ತಿ ಬೆಳಕಿಗೆ ಹಿಡಿದ. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ಬಿರುಕು ಬಿಟ್ಟಿದ್ದು ನೆಲದ ಕಲ್ಲು. "ಮೂಲೆ ಮೇಲೆ ಬಿತ್ತಾ, ಮಕಾಡೆ ಬಿತ್ತಾ? ಎಷ್ಟು ಎತ್ತರದಿಂದ ಎಸೆದೆ?"

ಬೈಗುಳಕ್ಕೆ ಕಾದು ನಿಂತಿದ್ದವಳು ತನ್ನ ಭುಜ ಮುಟ್ಟಿ ತೋರಿಸಿದಳು. "ಭುಜದ ಮಟ್ಟದಿಂದ."

ಅವನು ಅಳತೆಯ ಟೇಪು ತಂದು ಅವಳ ಪಾದದ ಬಳಿ ಮಂಡಿಯೂರಿ, ಪಟ್ಟಿಯನ್ನು ಮೇಲಕ್ಕೆಳೆಯುತ್ತ ಎದ್ದ. ಅವನ ಬೆರಳು ಅವಳ ಭುಜಕ್ಕೆ ತಾಗಿ ಅಲ್ಲೇ ನಿಂತಿತು. ಅವನ ಉಸಿರು ಅವಳ ಕತ್ತಿಗೆ ಬೆಚ್ಚಗೆ ತಗುಲಿತು.

"ಇಲ್ಲಿಂದಾನೇ ತಾನೆ?"

ಮಿಗ್ಯಂಗ್ ಕೈಯನ್ನು ಮೆಲ್ಲಗೆ ತಲೆಯ ಮೇಲಕ್ಕೆ ಎತ್ತಿ ಸುಳ್ಳು ಹೇಳಿದಳು.

"ಅಲ್ಲ ಕಣ್ರೀ. ಇನ್ನೂ ಮೇಲಿಂದ. ಹತ್ರ ಬಂದು ಅಳೀರಿ."