ಬೈಕಿಗೆ ಸುತ್ತಿದ ಸರಪಳಿ

ಜಿಗಣಿಯ ವೆಲ್ಡಿಂಗ್ ಶೆಡ್ಡಿನಲ್ಲಿ ಮಹಾದೇವಿ ಆಕ್ಸಿಜನ್ ಸಿಲಿಂಡರಿನ ಧೂಳು ಒರೆಸುತ್ತಿದ್ದಳು. ಬಟ್ಟೆ ತಾಗಿದ್ದಕ್ಕೇ ಆಳೆತ್ತರದ ಸಿಲಿಂಡರು ಓಲಾಡಿತು. ಬಿದ್ದರೆ, ಕೆಳಗೆ ಕೂತು ಸಲಾಕೆಗಳ ತುಕ್ಕು ಉಜ್ಜುತ್ತಿದ್ದ ಅವಳ ಅವ್ವನ ಮೇಲೆಯೇ ಬೀಳಬೇಕು. ಮಹಾದೇವಿ ಬಟ್ಟೆ ಬಿಸಾಡಿ ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು.

“ಏನಮ್ಮಾ, ಅದನ್ನೇ ಮದ್ವೆ ಆಗ್ತೀಯಾ?” ಎಂದ ಸೂಪರ್‌ವೈಸರ್ ಶಶಿಕುಮಾರ್. ಶೆಡ್ಡಿನ ಕೆಲಸದವರೆಲ್ಲ ನಕ್ಕರು. ಸಿಲಿಂಡರನ್ನು ಗೋಡೆಗೆ ಬಿಗಿಯುವ ಸರಪಳಿಯನ್ನು ಬೆಳಿಗ್ಗೆ ಅವನೇ ಬಿಚ್ಚಿಕೊಂಡು ಹೋಗಿ, ತನ್ನ ಹೊಸ ಬೈಕು ಕಳುವಾದೀತೆಂದು ಅದರ ಚಕ್ರಕ್ಕೆ ಸುತ್ತಿ ಬೀಗ ಹಾಕಿದ್ದ. “ಬಿಡಮ್ಮಾ, ಕೆಲ್ಸ ನಿಂತೋಯ್ತು ಇಲ್ಲಿ.”

ಯಾರೆದುರೂ ತಲೆಯೆತ್ತದ ಹುಡುಗಿ ಈಗ ಅವನ ಕಣ್ಣನ್ನೇ ನೋಡಿದಳು. ಕೈ ಸಡಿಲಿಸಲಿಲ್ಲ. ನಗು ಒಂದೊಂದಾಗಿ ಅಡಗಿತು.

“ಆ ಸರಪಳಿ ಬಿಚ್ಕೊಂಡ್ ಬರ್ರಿ, ಸಾರ್.”