ಹೊರಡುವ ಮಾತು

ಸಾವಿನ ಮನೆಯಿಂದ ಹೊರಡುವಾಗ ಅಭ್ಯಾಸಬಲದಿಂದ "ಹೋಗಿ ಬರ್ತೀನಿ" ಎಂದುಬಿಟ್ಟಿದ್ದಳು. ಎಲ್ಲರೂ ತಿರುಗಿ ನೋಡಿದ್ದರು. "ಇಂಥ ಮನೆಯಿಂದ ಹೇಳದೆ ಎದ್ದು ಬರ್ಬೇಕು, ಅಷ್ಟೂ ಗೊತ್ತಾಗಲ್ವೇನೇ?" ಎಂದು ಅತ್ತೆ ದಾರಿಯುದ್ದಕ್ಕೂ ಬೈದಿದ್ದರು. ಆ ನಾಚಿಕೆ ಇನ್ನೂ ಆರಿರಲಿಲ್ಲ.

ಮರುವಾರ ಗೆಳತಿಯನ್ನು ನೋಡಲು ಆಸ್ಪತ್ರೆಗೆ ಹೋದಳು.

"ಕೂದಲು ಮತ್ತೆ ಬರುತ್ತಂತೆ ಕಣೇ," ಎಂದಳು ಗೆಳತಿ, ಬೋಳುತಲೆ ಸವರಿಕೊಳ್ಳುತ್ತ.

"ಬರ್ದೇ ಏನು? ಯುಗಾದಿಗೆ ನಾನೇ ಜಡೆ ಹಾಕ್ತೀನಿ, ನೋಡ್ತಿರು."

ಕಿತ್ತಳೆ ಸುಲಿದು ತಿನ್ನಿಸಿದಳು. ಹೊದಿಕೆ ಸರಿಪಡಿಸಿದಳು. ಆಮೇಲೆ ಬ್ಯಾಗು ಎತ್ತಿಕೊಂಡು, ಏನೂ ಹೇಳದೆ ಬಾಗಿಲತ್ತ ನಡೆದಳು.

"ಏನೋ ಮರ್ತೆಯಲ್ಲೇ," ಗೆಳತಿ ಹಿಂದಿನಿಂದ ಕರೆದಳು.

ಅವಳು ನಿಂತು ಬ್ಯಾಗು ತಡಕಿದಳು. "ಏನೇ?"

"ಬರ್ತೀನಿ ಅನ್ನೋದು. ನಾನಿನ್ನೂ ಇದ್ದೀನಿ ಕಣೇ."