ಹದಿನೆಂಟನೆಯ ಹೊಂಗೆ

ಕಾರ್ಖಾನೆಯ ಹೊಗೆ ಕುಡಿದು, ಉಸಿರು ಕಟ್ಟಿ ಸತ್ತವರ ನೆನಪಿಗೆ ಕೇರಿಯವರು ರಸ್ತೆಯುದ್ದಕ್ಕೂ ಹದಿನೇಳು ಹೊಂಗೆ ಗಿಡ ನೆಟ್ಟಿದ್ದರು. ಒಂದೊಂದು ಗಿಡಕ್ಕೂ ಒಬ್ಬೊಬ್ಬರ ಹೆಸರಿನ ತಗಡಿನ ಫಲಕ. ಬರೆದವಳು ಪೇಂಟರ್ ಚೌಡಮ್ಮ. ಮೊದಲನೆಯದು ಅವಳ ಮಗಳದೇ. ಅದರ ಅಕ್ಷರಗಳು ಮಾತ್ರ ಸೊಟ್ಟಗಾಗಿದ್ದವು.

ಪರಿಸರ ದಿನದ ಮುನ್ನಾದಿನ ಕಾರ್ಖಾನೆಯ ಮಾಲೀಕ ವಿಶ್ವಂಭರ ರಾವ್ ಕಾರಿನ ಗಾಜು ಅರ್ಧ ಇಳಿಸಿ ಅವಳನ್ನು ಕರೆದ.

“ನಾಳೆ ನಾನೂ ಇಲ್ಲೊಂದು ಗಿಡ ನೆಡ್ತೀನಿ, ಟಿವಿಯವರು ಬರ್ತಾರೆ. ಗಿಡ ನೆಟ್ಟೋರ ಹೆಸರೆಲ್ಲ ಬರ್ದಿದ್ದೀಯಲ್ಲ, ನಂದೂ ಒಂದು ಬರಿ.”

“ಹೆಂಗೆ ಬರೀಲಿ ಸ್ವಾಮಿ?”

“ಅವರದೆಲ್ಲ ಹೆಂಗಿದ್ಯೋ ಹಂಗೇ. ನಾನೇನು ಬೇರೆಯವನಾ?”

“ಒಂದಕ್ಷರಾನೂ ಬಿಡಬಾರದಾ?”

“ಬಿಡಬೇಡ ಅಂದ್ನಲ್ಲ!” ಗಾಜು ಮೇಲೇರಿತು.

ಚೌಡಮ್ಮ ಮಗಳ ಗಿಡದ ಪಕ್ಕದಲ್ಲೇ ಕೂತು ಬರೆದಳು. ಈ ಸಲ ಒಂದಕ್ಷರವೂ ಸೊಟ್ಟಗಾಗಲಿಲ್ಲ.

ಮರುದಿನ ಅವನು ಗಿಡ ನೆಟ್ಟು, ಬುಡಕ್ಕೆ ನೀರು ಹೊಯ್ದು, ಕ್ಯಾಮೆರಾಗಳ ಕಡೆ ನಗುತ್ತ ಫಲಕದ ಮೇಲಿನ ಬಟ್ಟೆ ಎಳೆದ. ಕೇರಿಗೆ ಕೇರಿಯೇ ಒಕ್ಕೊರಲಿನಿಂದ ಓದಿತು:

“ದಿವಂಗತ ವಿಶ್ವಂಭರ ರಾವ್.”